ಗಾಜಿನ ಹೆಸರು ನೋಡಿ ದೂರದರ್ಶಕ ಕೊಳ್ಳಬೇಡಿ: ದುಬಾರಿ ರಿಫ್ರಾಕ್ಟರ್‌ಗಳನ್ನು ಅಳೆದು ಆರಿಸುವ ಬಗೆ

100 ಮಿ.ಮೀ. ವ್ಯಾಸದ ಎರಡು ರಿಫ್ರಾಕ್ಟರ್ ದೂರದರ್ಶಕಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಹೊಸಬರ ಕಣ್ಣಿಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣುವುದಿಲ್ಲ. ಎರಡಕ್ಕೂ ಮುಂದೆ ಮಸೂರ, ಹಿಂದೆ ಫೋಕಸರ್, ನಡುವೆ ಒಂದು ಕೊಳವೆ. ಎರಡೂ ಹಿಡಿಯುವ ಬೆಳಕು ಒಂದೇ ಅಳತೆಯದು. ಜೋಡಿ ನಕ್ಷತ್ರಗಳನ್ನು ಬಿಡಿಸಿ ತೋರಿಸುವ ಮಿತಿಯೂ ಲೆಕ್ಕದ ಪ್ರಕಾರ ಎರಡಕ್ಕೂ ಸುಮಾರು 1.16 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). ಆದರೂ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇರುವುದುಂಟು. ಆ ಹೆಚ್ಚುವರಿ ಹಣ ಯಾವುದಕ್ಕೆ ಹೋಗುತ್ತದೆ, ಅದರಲ್ಲಿ ನಮ್ಮ ಬಳಕೆಗೆ ಬೇಕಾದದ್ದೆಷ್ಟು ಎಂಬುದನ್ನು ತಿಳಿಯದೆ ಆರ್ಡರ್ ಮಾಡಿದರೆ, ಲಕ್ಷಗಟ್ಟಲೆ ಕೊಟ್ಟೂ ಬೇಡದ್ದನ್ನು ಕೊಂಡಂತಾಗುತ್ತದೆ.

ಮೂಲ ತೊಂದರೆ ಬಣ್ಣದ್ದು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಪಟ್ಟಕದಲ್ಲಿ ಕಾಮನಬಿಲ್ಲನ್ನು ಮೂಡಿಸುವ ಅದೇ ಗುಣ ಮಸೂರದಲ್ಲಿ ಶಾಪವಾಗುತ್ತದೆ. ಬಿಕೆ7 ಎಂಬ ಸಾಮಾನ್ಯ ಕ್ರೌನ್ ಗಾಜಿನಿಂದ 1000 ಮಿ.ಮೀ. ಸಂಗಮ ದೂರದ ಒಂಟಿ ಮಸೂರವನ್ನು ಮಾಡಿದರೆ, ಅದರಲ್ಲಿ ಕೆಂಪು ಮತ್ತು ನೀಲಿ ಕಿರಣಗಳು ಸೇರುವ ಬಿಂದುಗಳ ನಡುವೆ 15 ಮಿ.ಮೀ.ಗೂ ಹೆಚ್ಚಿನ ಅಂತರವಿರುತ್ತದೆ. ಇದಕ್ಕೆ ಪರಿಹಾರವೇ ಇಲ್ಲವೆಂದು ತೀರ್ಮಾನಿಸಿದ ನ್ಯೂಟನ್ ಮಸೂರವನ್ನು ಬಿಟ್ಟು ಕನ್ನಡಿಯ ಕಡೆಗೆ ಹೊರಳಿದ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೂರ್ ಹಾಲ್ ಕ್ರೌನ್ ಗಾಜಿನ ಉಬ್ಬು ಮಸೂರಕ್ಕೆ ಫ್ಲಿಂಟ್ ಗಾಜಿನ ತಗ್ಗು ಮಸೂರವನ್ನು ಜೊತೆಮಾಡಿದರೆ ಬಣ್ಣಗಳು ಬಹುಮಟ್ಟಿಗೆ ಒಂದೆಡೆ ಸೇರುತ್ತವೆ ಎಂದು ಕಂಡುಕೊಂಡ; 1758ರಲ್ಲಿ ಅದರ ಪೇಟೆಂಟ್ ಪಡೆದು ವ್ಯಾಪಾರಕ್ಕೆ ತಂದವನು ಜಾನ್ ಡಾಲಂಡ್. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ‘ಆಕ್ರೊಮ್ಯಾಟ್’ ಇದೇ ವಂಶದ್ದು.

ಆಕ್ರೊಮ್ಯಾಟ್‌ನಲ್ಲಿ ಎರಡು ಬಣ್ಣಗಳು ಒಂದೇ ಬಿಂದುವಿಗೆ ಬರುತ್ತವೆ, ಉಳಿದವು ಸ್ವಲ್ಪ ತಪ್ಪಿ ಬೀಳುತ್ತವೆ. 1000 ಮಿ.ಮೀ. ಸಂಗಮ ದೂರದಲ್ಲಿ ಈ ತಪ್ಪು ಸುಮಾರು ಅರ್ಧ ಮಿ.ಮೀ. ಅರ್ಧ ಮಿ.ಮೀ. ಎಂದರೆ ಲೆಕ್ಕಕ್ಕಿಲ್ಲದ್ದು ಎನ್ನಿಸಬಹುದು. ಆದರೆ ಎಫ್/10 ದೂರದರ್ಶಕದಲ್ಲಿ, ಅಂದರೆ ಸಂಗಮ ದೂರ ವ್ಯಾಸದ ಹತ್ತು ಪಟ್ಟಿರುವುದರಲ್ಲಿ, ಚಿತ್ರ ಚೂಪಾಗಿ ಉಳಿಯುವ ಅವಕಾಶ ಸಂಗಮ ಬಿಂದುವಿನ ಆಚೆಗೆ 0.1 ಮಿ.ಮೀ., ಈಚೆಗೆ 0.1 ಮಿ.ಮೀ. ಅಷ್ಟೇ. ಹಾಗಾಗಿ ಶುಕ್ರ ಗ್ರಹ, ಅಭಿಜಿತ್ ನಕ್ಷತ್ರ, ಚಂದ್ರನ ಅಂಚು ಇವುಗಳ ಸುತ್ತ ನೇರಳೆ ಬಣ್ಣದ ಮಬ್ಬು ಕಾಣುತ್ತದೆ. ಇದು ಕೇವಲ ಅಂದದ ಪ್ರಶ್ನೆಯಲ್ಲ. ಆ ಮಬ್ಬಿನಲ್ಲಿ ಚೆಲ್ಲಿಹೋದ ಬೆಳಕು ಗುರುವಿನ ಪಟ್ಟೆಗಳ ನಡುವಿನ ಸೂಕ್ಷ್ಮ ಛಾಯೆಗಳನ್ನು ನುಂಗುತ್ತದೆ. ಹಳೆಯ ಕಾಲದವರು ಕೊಳವೆಯನ್ನು ಉದ್ದ ಮಾಡಿ ಇದನ್ನು ತಡೆದರು. 100 ಮಿ.ಮೀ. ಆಕ್ರೊಮ್ಯಾಟ್‌ಗೆ ಉದಾರವಾದ ಅಳತೆಗೋಲಿನ ಪ್ರಕಾರ ಎಫ್/12 ಬೇಕು, ಕಟ್ಟುನಿಟ್ಟಾದ ಅಳತೆಗೋಲಿನ ಪ್ರಕಾರ ಎಫ್/20. ಎಫ್/20 ಎಂದರೆ ಎರಡು ಮೀಟರ್ ಉದ್ದದ ಕೊಳವೆ. ಅದನ್ನು ತಾರಸಿಗೆ ಹೊತ್ತೊಯ್ಯುವುದಕ್ಕೆ ಇಬ್ಬರು ಬೇಕು.

ದುಬಾರಿ ರಿಫ್ರಾಕ್ಟರ್ ಇದನ್ನು ಬೇರೆ ಗಾಜಿನಿಂದ ಪರಿಹರಿಸುತ್ತದೆ. ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚದುರಿಸುತ್ತದೆ ಎಂಬುದಕ್ಕೆ ಆಬೆ ಸಂಖ್ಯೆ ಎಂಬ ಅಳತೆಯಿದೆ: ಸಂಖ್ಯೆ ಹೆಚ್ಚಿದಷ್ಟೂ ಚದುರಿಕೆ ಕಡಿಮೆ. ಬಿಕೆ7 ಗಾಜಿಗೆ ಇದು 64, ಕ್ಯಾಲ್ಸಿಯಂ ಫ್ಲೋರೈಡ್ ಹರಳಿಗೆ, ಅಂದರೆ ಫ್ಲೋರೈಟ್‌ಗೆ, ಸುಮಾರು 95. ಈ ಹರಳಿನ ಬೆಲೆಯನ್ನು ಚೆನ್ನಾಗಿ ಅರಿತಿದ್ದವನು ಜರ್ಮನಿಯ ಭೌತವಿಜ್ಞಾನಿ ಎರ್ನ್‌ಸ್ಟ್ ಆಬೆಯೇ. 1886ರಲ್ಲಿ ಅವನು ನೈಸರ್ಗಿಕ ಫ್ಲೋರೈಟ್ ಬಳಸಿ ಸೂಕ್ಷ್ಮದರ್ಶಕದ ಮಸೂರಗಳನ್ನು ರೂಪಿಸಿದ. ಸೂಕ್ಷ್ಮದರ್ಶಕಕ್ಕೆ ಚೂರು ಹರಳು ಸಾಕು, ದೂರದರ್ಶಕಕ್ಕೆ ಅಂಗೈಯಗಲದ್ದು ಬೇಕು. ಅಷ್ಟು ದೊಡ್ಡ ನಿರ್ಮಲ ಹರಳನ್ನು ಕುಲುಮೆಯಲ್ಲಿ ಬೆಳೆಸುವ ವಿದ್ಯೆ ಕೈಗೆ ಬಂದ ಮೇಲೆ, 1970ರ ದಶಕದಿಂದ, ಜಪಾನಿನ ತಕಹಾಶಿ ಕಂಪನಿ ಫ್ಲೋರೈಟ್ ರಿಫ್ರಾಕ್ಟರ್‌ಗಳಿಗೆ ಹೆಸರಾಯಿತು. ಹರಳಿಗೆ ಬದಲಾಗಿ ಅದರ ಗುಣಕ್ಕೆ ಬಹಳ ಹತ್ತಿರದ ‘ಇಡಿ’ (ಎಕ್ಸ್ಟ್ರಾ-ಲೋ ಡಿಸ್ಪರ್ಶನ್, ಅಂದರೆ ಅತಿ ಕಡಿಮೆ ಚದುರಿಕೆಯ) ಗಾಜುಗಳೂ ಬಂದವು: ಗಾಜು ತಯಾರಿಸುವ ಓಹಾರಾ ಕಂಪನಿಯ ಎಫ್‌ಪಿಎಲ್-53, ಹೋಯಾ ಕಂಪನಿಯ ಎಫ್‌ಸಿಡಿ100. ಇವುಗಳ ಆಬೆ ಸಂಖ್ಯೆಯೂ 95ರ ಆಸುಪಾಸಿನದೇ. ಒಂದು ಮೆಟ್ಟಿಲು ಕೆಳಗೆ, 82ರ ಸುತ್ತಮುತ್ತ, ಎಫ್‌ಪಿಎಲ್-51 ಮತ್ತು ಚೀನಾದ ಎಫ್‌ಕೆ61 ಇವೆ.

ಕೊಳ್ಳುವವರು ಎಡವುವುದು ಇಲ್ಲೇ. ಜಾಹೀರಾತಿನಲ್ಲಿ ‘ಎಫ್‌ಪಿಎಲ್-53’ ಎಂದು ದೊಡ್ಡಕ್ಷರದಲ್ಲಿ ಕಂಡರೆ ಸಾಕು, ಚರ್ಚೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಪಾಯಸಕ್ಕೆ ಯಾವ ಊರಿನ ಬೆಲ್ಲ ಹಾಕಿದ್ದೇವೆಂದು ಸಾರಿ ಹೇಳಿ ಹದದ ಮಾತೇ ಎತ್ತದಿದ್ದರೆ ಹೇಗೋ, ಇದೂ ಹಾಗೆಯೇ. ಇಡಿ ಗಾಜಿನ ಮಸೂರ ಒಂಟಿಯಾಗಿ ಕೆಲಸ ಮಾಡುವುದಿಲ್ಲ; ಅದರ ಜೊತೆಗಾರ ಗಾಜು ಯಾವುದು ಎಂಬುದರ ಮೇಲೆ ಉಳಿಕೆ ಬಣ್ಣ ನಿಂತಿದೆ, ಮತ್ತು ಆ ಜೊತೆಗಾರನ ಹೆಸರನ್ನು ಬಹುಪಾಲು ಕಂಪನಿಗಳು ಹೇಳುವುದೇ ಇಲ್ಲ. ಎರಡನೆಯದಾಗಿ, ಅದೇ ಗಾಜಿನ ಜೋಡಿಯಿಂದ ಮಾಡಿದ ಎರಡು ಮಸೂರಗಳಲ್ಲಿಯೂ ಉಳಿಕೆ ಬಣ್ಣ ಸಮನಾಗಿರುವುದಿಲ್ಲ. ವ್ಯಾಸ ಹೆಚ್ಚಿದಂತೆ ಅದು ಹೆಚ್ಚುತ್ತದೆ, ಎಫ್ ಸಂಖ್ಯೆ ಹೆಚ್ಚಿದಂತೆ ತಗ್ಗುತ್ತದೆ. ಹಾಗಾಗಿ 100 ಮಿ.ಮೀ. ಎಫ್/9 ಮಸೂರದ ವಿನ್ಯಾಸವನ್ನೇ 130 ಮಿ.ಮೀ. ಎಫ್/6ಕ್ಕೆ ಹಿಗ್ಗಿಸಿದರೆ, ಗಾಜು ಬದಲಾಗದಿದ್ದರೂ ಬಣ್ಣದ ದೋಷ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇನ್ನೊಂದು ದೋಷವಿದೆ, ಅದು ಇದಕ್ಕಿಂತ ಕಿಲಾಡಿ: ಹಸಿರು ಬೆಳಕಿಗೆ ಸರಿಯಾಗಿ ತಿದ್ದಿದ ಮಸೂರದ ಮೇಲ್ಮೈ ನೀಲಿಗೂ ಕೆಂಪಿಗೂ ಪೂರ್ತಿ ಸರಿಹೋಗುವುದಿಲ್ಲ, ಅಂದರೆ ಗೋಳೀಯ ವಿಪಥನವೇ (ಮಸೂರದ ಅಂಚಿನ ಮತ್ತು ನಡುವಿನ ಕಿರಣಗಳು ಬೇರೆ ಬೇರೆ ಬಿಂದುಗಳಲ್ಲಿ ಸೇರುವ ದೋಷ) ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ. ಎಫ್ ಸಂಖ್ಯೆ ಇಳಿದಂತೆ ಇದು ಅತಿ ವೇಗವಾಗಿ ಏರುತ್ತದೆ. ಒಂದೇ ವ್ಯಾಸದ ಮಸೂರವನ್ನು ಎಫ್/9ರಿಂದ ಎಫ್/6ಕ್ಕೆ ಗಿಡ್ಡ ಮಾಡಿದರೆ ಮೂರು ಪಟ್ಟಿಗೂ ಹೆಚ್ಚು.

ಎರಡು ಮಸೂರಗಳ ಡಬ್ಲೆಟ್ ಬಿಟ್ಟು ಮೂರು ಮಸೂರಗಳ ಟ್ರಿಪ್ಲೆಟ್ ಮಾಡುವುದು ಇದಕ್ಕಾಗಿಯೇ. ಬಾಗುವಿಕೆಯ ಹೊರೆಯನ್ನು ಹಂಚಿಕೊಳ್ಳಲು ಹೆಚ್ಚು ಮೇಲ್ಮೈಗಳು ಸಿಗುವುದರಿಂದ, ವಿನ್ಯಾಸಕಾರ ಕೊಳವೆಯನ್ನು ಗಿಡ್ಡ ಮಾಡಿಯೂ ಬಣ್ಣಗಳನ್ನು ಹಿಡಿತದಲ್ಲಿಡಬಲ್ಲ. ತಕಹಾಶಿಯ ಟಿಓಎ-130, ಅಮೆರಿಕದ ಆಸ್ಟ್ರೊ-ಫಿಸಿಕ್ಸ್ ಕಂಪನಿಯ 130 ಮಿ.ಮೀ. ದೂರದರ್ಶಕ, ಕೊಲರಾಡೊದ ಟೆಕ್ ಕಂಪನಿಯ 140 ಮಿ.ಮೀ. ದೂರದರ್ಶಕ, ಇವೆಲ್ಲ ಈ ವರ್ಗದ ಹೆಸರಾಂತ ಉದಾಹರಣೆಗಳು. ಇವುಗಳಲ್ಲೂ ಎರಡು ಪಂಥಗಳಿವೆ. ತಕಹಾಶಿಯವರು ಮಸೂರಗಳ ನಡುವೆ ಗಾಳಿಯ ಅಂತರ ಬಿಡುತ್ತಾರೆ. ಅದರಿಂದ ತಿದ್ದುವುದಕ್ಕೆ ಇನ್ನಷ್ಟು ಅವಕಾಶ ಸಿಗುತ್ತದೆ, ಆದರೆ ಮೂರೂ ಮಸೂರಗಳ ಕೇಂದ್ರ ಕೂದಲೆಳೆಯಷ್ಟೂ ಜರುಗಬಾರದು. ಟೆಕ್ ಮಸೂರಗಳ ನಡುವೆ ತೆಳುವಾದ ಎಣ್ಣೆಯ ಪದರವಿರುತ್ತದೆ. ಒಳಮೈಗಳಿಂದ ಬೆಳಕು ಪ್ರತಿಫಲಿಸುವುದು ಬಹುತೇಕ ಇಲ್ಲವಾಗುತ್ತದೆ, ಶಾಖವೂ ಬೇಗ ಹರಿದು ಮಸೂರ ಹೊರಗಿನ ಗಾಳಿಗೆ ಹೊಂದಿಕೊಳ್ಳುತ್ತದೆ. ಆಸ್ಟ್ರೊ-ಫಿಸಿಕ್ಸ್‌ನ ರೋಲಂಡ್ ಕ್ರಿಸ್ಟನ್ ಅವರ ದೂರದರ್ಶಕಗಳಿಗಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾದಿದ್ದಾರೆ. ಇದು ಗುಣಕ್ಕೆ ಸಂದ ಗೌರವವೆಂಬುದು ನಿಜ, ಜೊತೆಗೆ ಇಂಥ ಮಸೂರಗಳನ್ನು ಬೇಗಬೇಗ ತಯಾರಿಸಲಾಗದು ಎಂಬುದರ ಪರಿಣಾಮವೂ ಹೌದು.

‘ಆಪೊ’ (ಆಪೊಕ್ರೊಮ್ಯಾಟ್) ಎಂಬ ಪದದ ಬಗ್ಗೆ ಒಂದು ಮಾತು. ಆಬೆಯ ಮೂಲ ಅರ್ಥದಲ್ಲಿ ಮೂರು ಬಣ್ಣಗಳನ್ನು ಒಂದೇ ಬಿಂದುವಿಗೆ ತರುವ, ಎರಡು ಬಣ್ಣಗಳಲ್ಲಿ ಗೋಳೀಯ ವಿಪಥನವನ್ನು ತಿದ್ದಿದ ಮಸೂರಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಈಗ ಇಡಿ ಗಾಜಿನ ತುಣುಕೊಂದಿದ್ದರೆ ಸಾಕು, ಕೊಳವೆಯ ಮೇಲೆ ‘ಆಪೊ’ ಎಂದು ಬರೆಯುತ್ತಾರೆ. ಆ ಎರಡಕ್ಷರವನ್ನು ಓದದೆಯೇ ಮುಂದಕ್ಕೆ ಹೋಗುವುದು ಒಳ್ಳೆಯದು.

ಗಾಜು, ವಿನ್ಯಾಸ ಎರಡೂ ಸರಿಯಿದ್ದರೂ ಅಂತಿಮವಾಗಿ ಮಸೂರವನ್ನು ಉಜ್ಜಿ ಹೊಳಪಿಸುವ ಕೈಯ ಮೇಲೆ ಎಲ್ಲವೂ ನಿಂತಿದೆ. ಆ ಕೆಲಸದ ಗುಣವನ್ನು ಸ್ಟ್ರೆಲ್ ಅನುಪಾತದಿಂದ ಅಳೆಯುತ್ತಾರೆ: ದೋಷವೇ ಇಲ್ಲದ ಮಸೂರ ನಕ್ಷತ್ರದ ಚುಕ್ಕೆಯ ನಡುವೆ ಸೇರಿಸಬಲ್ಲ ಬೆಳಕಿನ ತೀವ್ರತೆಯಲ್ಲಿ ಈ ಮಸೂರ ಎಷ್ಟು ಪಾಲನ್ನು ಮುಟ್ಟುತ್ತದೆ ಎಂಬ ಲೆಕ್ಕ. 0.80 ಇದ್ದರೆ ಪಾಸಾದಂತೆ, 0.95 ದಾಟಿದರೆ ಅತ್ಯುತ್ತಮ. ಕೆಲವು ತಯಾರಕರು 0.98 ಎಂಬಂಥ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತಾರೆ. ಅದನ್ನು ಓದುವಾಗ ಯಾವ ಬಣ್ಣದಲ್ಲಿ ಅಳೆದಿದ್ದಾರೆಂದು ನೋಡಬೇಕು. ಸಾಮಾನ್ಯವಾಗಿ ಅದು ಹಸಿರು ಅಥವಾ ಕೆಂಪು ಲೇಸರ್‌ನ ಒಂದೇ ತರಂಗಾಂತರ. ಒಂದು ಸಾಧಾರಣ ಆಕ್ರೊಮ್ಯಾಟ್ ಕೂಡ ಹಸಿರಿನಲ್ಲಿ 0.95 ತೋರಿಸಬಲ್ಲದು, ಏಕೆಂದರೆ ಅಲ್ಲಿ ಬಣ್ಣದ ದೋಷದ ಪ್ರಶ್ನೆಯೇ ಬರುವುದಿಲ್ಲ. ಕೆಂಪು, ಹಸಿರು, ನೀಲಿ ಮೂರರಲ್ಲೂ ಅಳೆದು ಕೊಟ್ಟವರನ್ನು ನಂಬಬಹುದು.

ಈಗ ಆಯ್ಕೆಯ ಮಾತು. ಮೊದಲ ಪ್ರಶ್ನೆ ಯಾವ ಕಂಪನಿ ಎಂಬುದಲ್ಲ, ದೂರದರ್ಶಕದ ಹಿಂದೆ ಕಣ್ಣಿರುತ್ತದೆಯೋ ಕ್ಯಾಮೆರಾ ಇರುತ್ತದೆಯೋ ಎಂಬುದು. ಕಣ್ಣು ಕ್ಷಮಾಗುಣದ್ದು. ಅದು ಹಸಿರು-ಹಳದಿಯಲ್ಲಿ ಚುರುಕಾಗಿ, ಕಡುನೇರಳೆಯಲ್ಲಿ ಮಂಕಾಗಿ ಕಾಣುತ್ತದೆ. ಹಾಗಾಗಿ ನೇರಳೆಯಲ್ಲಿ ಉಳಿದ ದೋಷವನ್ನು ಅದು ಗಮನಿಸುವುದೇ ಇಲ್ಲ. ಕ್ಯಾಮೆರಾದ ಸೆನ್ಸರ್‌ಗೆ ಆ ದಾಕ್ಷಿಣ್ಯವಿಲ್ಲ. ಮೂರು ನಿಮಿಷದ ಎಕ್ಸ್‌ಪೋಶರ್‌ನಲ್ಲಿ ಪ್ರತಿ ಬಿಳಿ ನಕ್ಷತ್ರದ ಸುತ್ತ ಊದಿಕೊಂಡ ನೀಲಿ ಬಳೆಯನ್ನು ಅದು ದಾಖಲಿಸುತ್ತದೆ.

ಕಣ್ಣಿನಿಂದ ನೋಡುವವರಿಗೆ, ನನ್ನ ಮಟ್ಟಿಗೆ, ಎಫ್/7.5ರಿಂದ ಎಫ್/9ರವರೆಗಿನ ಒಳ್ಳೆಯ ಡಬ್ಲೆಟ್ ಸಾಕು. 2025ರ ಜನವರಿಯ ಒಂದು ರಾತ್ರಿ ಗೆಳೆಯರೊಬ್ಬರ ತಾರಸಿಯಲ್ಲಿ ಎರಡು ದೂರದರ್ಶಕಗಳನ್ನು ಗುರು ಗ್ರಹದ ಕಡೆ ತಿರುಗಿಸಿ ಗಂಟೆಗಟ್ಟಲೆ ನೋಡಿದೆವು: ಒಂದು ಸ್ಕೈ-ವಾಚರ್‌ನ 100 ಮಿ.ಮೀ. ಎಫ್/9 ಇಡಿ ಡಬ್ಲೆಟ್, ಇನ್ನೊಂದು ಅದರ ಹಲವು ಪಟ್ಟು ಬೆಲೆಯ, ತಕಹಾಶಿಯ 100 ಮಿ.ಮೀ. ಎಫ್/8 ಫ್ಲೋರೈಟ್ ಡಬ್ಲೆಟ್. 150 ಪಟ್ಟು ವರ್ಧನದಲ್ಲಿ ಎರಡರಲ್ಲೂ ಗ್ರಹದ ಅಂಚಿಗೆ ಬಣ್ಣವಿರಲಿಲ್ಲ. ಉತ್ತರದ ಪಟ್ಟೆಯ ಕೆಳಗಿನ ನೀಲಿ ಎಳೆಗಳು ಫ್ಲೋರೈಟ್‌ನಲ್ಲಿ ತುಸು ಸುಲಭವಾಗಿ, ಇಡಿಯಲ್ಲಿ ಗಾಳಿ ಸ್ಥಿರವಾದ ಕ್ಷಣಗಳಲ್ಲಿ ಮಾತ್ರ ಕಂಡವು. ನಿಜವಾದ ವ್ಯತ್ಯಾಸ ಕೈಗೆ ಗೊತ್ತಾಯಿತು: ಫ್ಲೋರೈಟ್‌ನ ಫೋಕಸರ್ ತಿರುಗಿಸಿದಾಗ ಚಿತ್ರ ಸರಿಯಾದ ಜಾಗಕ್ಕೆ ಬಂದು ಥಟ್ಟನೆ ನಿಂತಿತು, ಇನ್ನೊಂದರಲ್ಲಿ ಹಿಂದೆ ಮುಂದೆ ಎರಡು ಮೂರು ಸಲ ಹುಡುಕಬೇಕಾಯಿತು. ಆ ಎಳೆಗಳಿಗೂ ಆ ‘ಥಟ್ಟನೆ’ಗೂ ಅಷ್ಟು ಹಣ ಕೊಡಬಹುದೇ ಎಂಬುದನ್ನು ಅವರವರೇ ನಿರ್ಧರಿಸಬೇಕು. ಕೊಟ್ಟವರನ್ನು ನಾನು ಹುಚ್ಚರೆನ್ನಲಾರೆ.

ಇದೇ ಜಾಗದಲ್ಲಿ ಒಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. 200 ಮಿ.ಮೀ. ಕನ್ನಡಿಯ ಡಾಬ್ಸನ್ ದೂರದರ್ಶಕ 100 ಮಿ.ಮೀ. ರಿಫ್ರಾಕ್ಟರಿನ ನಾಲ್ಕು ಪಟ್ಟು ವಿಸ್ತೀರ್ಣದಿಂದ ಬೆಳಕು ಹಿಡಿಯುತ್ತದೆ, ಅದೂ ತೀರ ಕಡಿಮೆ ಬೆಲೆಗೆ. ಗೋಳ ಗುಚ್ಛಗಳು, ಮಂದ ಗೆಲಾಕ್ಸಿಗಳು ಅದರಲ್ಲಿ ಕಾಣುವಂತೆ ಯಾವ ಫ್ಲೋರೈಟ್‌ನಲ್ಲೂ ಕಾಣವು. ನಡುವೆ ಅಡ್ಡ ನಿಲ್ಲುವ ಕನ್ನಡಿಯಿಲ್ಲದ್ದರಿಂದ ರಿಫ್ರಾಕ್ಟರಿನಲ್ಲಿ ಚಿತ್ರದ ಕಾಂಟ್ರಾಸ್ಟ್ ಚೊಕ್ಕವಾಗಿರುತ್ತದೆ, ಹೊಂದಿಸುವ ರಗಳೆಯಿಲ್ಲ, ಹತ್ತೇ ನಿಮಿಷದಲ್ಲಿ ಬಳಕೆಗೆ ಸಿದ್ಧ. ಆದರೆ ವ್ಯಾಸದ ಎದುರು ಗಾಜಿನ ಶುದ್ಧಿ ಒಂದು ಮಿತಿಯವರೆಗೆ ಮಾತ್ರ ವಾದಿಸಬಲ್ಲದು. ಮೊದಲ ದೂರದರ್ಶಕವಾಗಿ ದುಬಾರಿ ರಿಫ್ರಾಕ್ಟರ್ ಕೊಳ್ಳಲು ಹೊರಟವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಕ್ಯಾಮೆರಾದ ಲೆಕ್ಕಾಚಾರವೇ ಬೇರೆ. ಅಲ್ಲಿ ರಿಫ್ರಾಕ್ಟರಿಗೆ ಸಾಟಿಯಿಲ್ಲ, ಆದರೆ ಬಣ್ಣದ ಜೊತೆಗೆ ಇನ್ನೊಂದು ಶತ್ರು ಎದುರಾಗುತ್ತದೆ. ಮಸೂರ ಚಿತ್ರವನ್ನು ಸಮತಟ್ಟಾದ ಹಾಳೆಯ ಮೇಲೆ ಮೂಡಿಸುವುದಿಲ್ಲ, ಬಟ್ಟಲಿನ ಒಳಮೈಯಂಥ ಬಾಗಿದ ಮೇಲ್ಮೈಯಲ್ಲಿ ಮೂಡಿಸುತ್ತದೆ. ಸೆನ್ಸರ್ ಚಪ್ಪಟೆಯಾಗಿರುವುದರಿಂದ ನಡುವೆ ಚುಕ್ಕೆಯಂತಿರುವ ನಕ್ಷತ್ರಗಳು ಮೂಲೆಗಳಲ್ಲಿ ಉದ್ದುದ್ದ ಗೀಚಿದಂತಾಗುತ್ತವೆ. ಫೀಲ್ಡ್ ಫ್ಲಾಟನರ್ ಎಂಬ ಹೆಚ್ಚುವರಿ ಮಸೂರ ಇದನ್ನು ತಿದ್ದುತ್ತದೆ. ಆದರೆ ಅದರಿಂದ ಸೆನ್ಸರ್‌ಗಿರುವ ದೂರ ತಯಾರಕರು ಹೇಳಿದಷ್ಟೇ ಇರಬೇಕು. ಬಹಳಷ್ಟಕ್ಕೆ ಅದು 55 ಮಿ.ಮೀ. ಒಂದು ಮಿ.ಮೀ. ಹೆಚ್ಚುಕಡಿಮೆಯಾದರೂ ಮೂಲೆಗಳು ಕೆಡುತ್ತವೆ. ಪ್ಲಾಸ್ಟಿಕ್ ವಾಷರ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ತೆಗೆಯುತ್ತಾ ಅಮಾವಾಸ್ಯೆಯ ರಾತ್ರಿಗಳನ್ನು ಕಳೆದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ತಕಹಾಶಿಯ ಎಫ್‌ಎಸ್‌ಕ್ಯೂ-106, ಟೆಲಿ ವ್ಯೂನ ಎನ್‌ಪಿ101 ಈ ತಲೆನೋವನ್ನು ಬುಡದಲ್ಲೇ ನಿವಾರಿಸುತ್ತವೆ. ಇವು ಪೆಟ್ಸ್‌ವಾಲ್ ಮಾದರಿಯವು: ಮುಂದೆ ಎರಡು ಮಸೂರ, ಕೊಳವೆಯ ಒಳಗೆ ಹಿಂದೆ ಇನ್ನೆರಡು. ಎಫ್‌ಎಸ್‌ಕ್ಯೂನಲ್ಲಿ ಚಪ್ಪಟೆತನ ದೂರದರ್ಶಕದೊಳಗೇ ಇರುವುದರಿಂದ 55 ಮಿ.ಮೀ. ಲೆಕ್ಕವಿಲ್ಲ, ಫೋಕಸ್ ಆದರೆ ಮುಗಿಯಿತು. ಅದರ ಚಿತ್ರವೃತ್ತ (ಚಿತ್ರ ಮೂಡುವ ವೃತ್ತದ ವ್ಯಾಸ) 88 ಮಿ.ಮೀ.; ಪೂರ್ಣ ಫ್ರೇಮ್ ಸೆನ್ಸರಿನ ಕರ್ಣ ಸುಮಾರು 43 ಮಿ.ಮೀ. ಮಾತ್ರ. ಅಂದರೆ ಇಂದಿನ ಬಹುತೇಕ ಹವ್ಯಾಸಿಗಳು ಆ ದೂರದರ್ಶಕ ಕೊಡಬಲ್ಲ ಚಿತ್ರದ ನಡುಭಾಗವನ್ನಷ್ಟೇ ಬಳಸುತ್ತಾರೆ. ಸ್ಕೈ-ವಾಚರ್ ಎಸ್ಪ್ರಿಟ್ 100 ಟ್ರಿಪ್ಲೆಟ್, 550 ಮಿ.ಮೀ. ಸಂಗಮ ದೂರದ್ದು, ತನ್ನದೇ ಫ್ಲಾಟನರ್ ಸಮೇತ ಬರುತ್ತದೆ, 43 ಮಿ.ಮೀ. ಸೆನ್ಸರಿಗಿಂತ ಮೇಲಕ್ಕೆ ಹೋಗುವ ಯೋಚನೆಯಿಲ್ಲದವರು ಅದನ್ನೇ ಮೊದಲು ನೋಡುವುದು ವಿವೇಕ. ಲೆಕ್ಕವನ್ನು ಕೈಯಾರೆ ಮಾಡಿ ನೋಡಬಹುದು. 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಜೋಡಿಸಿದರೆ 530 ಮಿ.ಮೀ. ಸಂಗಮ ದೂರದ ಎಫ್‌ಎಸ್‌ಕ್ಯೂನಲ್ಲಿ ಒಂದು ಪಿಕ್ಸೆಲ್ ಸುಮಾರು 1.46 ಆರ್ಕ್ ಸೆಕೆಂಡ್ ಆಕಾಶವನ್ನು ಹಿಡಿಯುತ್ತದೆ, ಎಸ್ಪ್ರಿಟ್‌ನಲ್ಲಿ 1.41. ಪೂರ್ಣ ಫ್ರೇಮ್‌ನ ಉದ್ದ ಬದಿಯಲ್ಲಿ ಎರಡರಲ್ಲೂ ಮೂರೂಮುಕ್ಕಾಲು ಡಿಗ್ರಿಯ ಆಸುಪಾಸು. ಮೂರು ಡಿಗ್ರಿ ಉದ್ದದ ದೇವಯಾನಿ ಗೆಲಾಕ್ಸಿ ಎರಡರಲ್ಲೂ ಆರಾಮವಾಗಿ ಕೂರುತ್ತದೆ.

ಇನ್ನು ನಾವು ನಿಂತ ನೆಲದ ವಿಚಾರ. ಪಾಶ್ಚಾತ್ಯರ ಸಲಹೆಗಳನ್ನು ಓದಿ ದೂರದರ್ಶಕ ಕೊಳ್ಳುವವರು, ಅವು 40-50 ಡಿಗ್ರಿ ಅಕ್ಷಾಂಶದಲ್ಲಿ ಬರೆದವು ಎಂಬುದನ್ನು ಮರೆಯುತ್ತಾರೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. 2020ರಲ್ಲಿ ಗುರು, ಶನಿ ದಕ್ಷಿಣಕ್ಕೆ ಸರಿದಿದ್ದಾಗ ಲಂಡನ್ನಿನವರು ಅವನ್ನು 16-17 ಡಿಗ್ರಿ ಎತ್ತರದಲ್ಲಿ, ದಿಗಂತದ ಕೊಳೆಗಾಳಿಯೊಳಗೆ ಹುಡುಕುತ್ತಿದ್ದರೆ, ನಮಗೆ ಅವು 55 ಡಿಗ್ರಿ ಎತ್ತರದಲ್ಲಿ ಸಿಕ್ಕವು. ಇದು ನಮ್ಮ ಅದೃಷ್ಟ. ಆದರೆ ನಾನು ಹೇಳಿದ ಆ ಜನವರಿ ರಾತ್ರಿ ಗುರು 81 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ ಇತ್ತು. ಎಫ್/9ರ ಉದ್ದ ಕೊಳವೆಯನ್ನು ನೆತ್ತಿಗೆ ತಿರುಗಿಸಿದಾಗ ಐಪೀಸ್ ಮೊಣಕಾಲಿನ ಮಟ್ಟಕ್ಕೆ ಇಳಿದು, ನಾವು ತಾರಸಿಯ ಸಿಮೆಂಟಿನ ಮೇಲೆ ಚಾಪೆ ಹಾಸಿ ಮಂಡಿಯೂರಿ ನೋಡಬೇಕಾಯಿತು. ಗಿಡ್ಡ ಕೊಳವೆ, ಎತ್ತರದ ಟ್ರೈಪಾಡ್ ಇವು ನಮಗೆ ಐಷಾರಾಮವಲ್ಲ, ಬೆನ್ನಿನ ಆರೋಗ್ಯದ ವಿಷಯ. ಫೋಕಸರಿನ ಗಟ್ಟಿತನವೂ ಇಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗುತ್ತದೆ: ನೆತ್ತಿಗೆ ಮುಖಮಾಡಿದ ಕೊಳವೆಯ ಬುಡದಲ್ಲಿ ಎರಡು ಕಿಲೋ ಕ್ಯಾಮೆರಾ ತೂಗಿದರೆ, ಕೇವಲ ಘರ್ಷಣೆಯಿಂದ ಹಿಡಿದುಕೊಳ್ಳುವ ಕ್ರೇಫೋರ್ಡ್ ಫೋಕಸರ್ ನಿಧಾನಕ್ಕೆ ಜಾರಬಹುದು, ಹಲ್ಲುಪಟ್ಟಿಯಿರುವ ರ್‍ಯಾಕ್ ಅಂಡ್ ಪಿನಿಯನ್ ಜಾರುವುದಿಲ್ಲ.

ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ನದೂ ಅದೇ ಕಥೆ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಬೇಕಾದ ಈಕ್ವೆಟೋರಿಯಲ್ ಮೌಂಟ್‌ನ ಅಕ್ಷ ನಮ್ಮಲ್ಲಿ ದಿಗಂತದಿಂದ 13 ಡಿಗ್ರಿಯಷ್ಟೇ ಏಳುತ್ತದೆ. ಕೆಲವು ಮೌಂಟ್‌ಗಳು ಅಷ್ಟು ಕೆಳಕ್ಕೆ ಬಾಗುವುದೇ ಇಲ್ಲ. ಬಾಗಿದರೂ ಎದುರುತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ದೂರದರ್ಶಕದ ತೂಕ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ತಕಹಾಶಿಯ 100 ಮಿ.ಮೀ. ಡಬ್ಲೆಟ್‌ಗಳಲ್ಲಿ ಹಗುರವಾದದ್ದು ಮೂರು ಕಿಲೋ ಒಳಗಿದೆ, ಆದರೆ ಟಿಓಎ-130 ಹತ್ತು ಕಿಲೋ ದಾಟುತ್ತದೆ. ಬರೀ 30 ಮಿ.ಮೀ. ವ್ಯಾಸ ಹೆಚ್ಚಿದ್ದಕ್ಕೆ ಬೆಳಕು 1.69 ಪಟ್ಟು ಆಯಿತು, ತೂಕ ಮೂರು ಪಟ್ಟಿಗೂ ಮೀರಿತು, ಮೌಂಟ್‌ನ ಬೆಲೆ ಅದರ ಬೆನ್ನಿಗೇ ಏರಿತು. ನಗರದ ಬೆಳಕಿನಿಂದ ತಪ್ಪಿಸಿಕೊಂಡು ಕತ್ತಲೆ ಹುಡುಕಿ ಕಾರಿನಲ್ಲಿ ನೂರಿನ್ನೂರು ಕಿ.ಮೀ. ಹೋಗಬೇಕಾದವರು ಈ ಅಂಕಿಗಳನ್ನು ಎರಡು ಸಲ ಓದಬೇಕು.

ನಾನು ಡಬ್ಲೆಟ್‌ಗಳ ಕಡೆ ವಾಲುವುದಕ್ಕೆ ಇನ್ನೊಂದು ಕಾರಣ ರಿಪೇರಿ. ಸಾಗಣೆಯಲ್ಲಿ ಏಟು ತಿಂದು ಟ್ರಿಪ್ಲೆಟ್‌ನ ಒಂದು ಮಸೂರ ಕೇಂದ್ರದಿಂದ ಜರುಗಿದರೆ ಅದನ್ನು ಮನೆಯಲ್ಲಿ ಸರಿಪಡಿಸುವುದು ಬಹುತೇಕ ಅಸಾಧ್ಯ. ಅದು ಜಪಾನಿಗೋ ಅಮೆರಿಕಕ್ಕೋ ಮರಳಬೇಕು. ಹೋಗಿ ಬರುವ ವಿಮಾನ ಸಾಗಣೆ, ಕಸ್ಟಮ್ಸ್ ಕಾಗದಗಳು, ಇನ್ನೊಂದು ಏಟಿನ ಅಪಾಯ ಎಲ್ಲವೂ ಕೊಂಡವರ ತಲೆಯ ಮೇಲೆ. ಸರಳವಾದದ್ದು ಕೆಡುವುದು ಕಡಿಮೆ, ಕೆಟ್ಟರೂ ಹೊಂದಿಸುವುದು ಸುಲಭ.

ಹೊಸದಾಗಲಿ ಹಳೆಯದಾಗಲಿ, ಕೈಗೆ ಬಂದ ಮಸೂರವನ್ನು ನಕ್ಷತ್ರದ ಮೇಲೆ ಪರೀಕ್ಷಿಸಲೇಬೇಕು. ಮಾರ್ಗದರ್ಶಿಗಳು ಧ್ರುವ ನಕ್ಷತ್ರವನ್ನು ನೋಡಿ ಎನ್ನುತ್ತವೆ. ನಮ್ಮಲ್ಲಿ ಅದು 13 ಡಿಗ್ರಿ ಎತ್ತರದಲ್ಲಿ, ಗಾಳಿಯ ಕುದಿತದಲ್ಲಿ ಮುಳುಗಿರುವುದರಿಂದ ಪ್ರಯೋಜನವಿಲ್ಲ. ಮಖಾ ನಕ್ಷತ್ರ ನೆತ್ತಿಯ ಹತ್ತಿರಕ್ಕೆ ಬಂದಾಗ, ದೂರದರ್ಶಕವನ್ನು ಒಂದು ಗಂಟೆಯಾದರೂ ಹೊರಗಿಟ್ಟು, ವ್ಯಾಸದ ಮಿ.ಮೀ.ಗೆ ಸುಮಾರು ಒಂದೂವರೆ ಪಟ್ಟು ವರ್ಧನ ಹಾಕಿ ನೋಡಬೇಕು. ಫೋಕಸ್‌ನಿಂದ ತುಸು ಒಳಗೆ, ಮತ್ತೆ ಅಷ್ಟೇ ಹೊರಗೆ ಸರಿಸಿದಾಗ ಕಾಣುವ ಉಂಗುರಗಳು ಎರಡೂ ಕಡೆ ಒಂದೇ ಥರ ಇರಬೇಕು. ಉಂಗುರಗಳು ಒಂದು ಪಕ್ಕಕ್ಕೆ ವಾಲಿದ್ದರೆ ಮಸೂರಗಳ ಕೇಂದ್ರ ತಪ್ಪಿದೆ; ತ್ರಿಕೋನದಂತೆ ಕಂಡರೆ ಮಸೂರವನ್ನು ಅದರ ಚೌಕಟ್ಟು ಹಿಸುಕುತ್ತಿದೆ. ಅದಾದ ಮೇಲೆ ಲುಬ್ಧಕವನ್ನು ಸರಿಯಾಗಿ ಫೋಕಸ್ ಮಾಡಿ ಬಣ್ಣ ನೋಡಬೇಕು. ಅದು ಎತ್ತರದಲ್ಲಿರುವಾಗಲೂ ಸುತ್ತ ನೇರಳೆ ಮಬ್ಬು ಬಿಡದೆ ಕಂಡರೆ, ಕೊಳವೆಯ ಮೇಲೆ ಏನೇ ಬರೆದಿರಲಿ, ಅದು ದುಬಾರಿ ಬೆಲೆಗೆ ಯೋಗ್ಯವಲ್ಲ.

ಹಳೆಯದನ್ನು ಕೊಳ್ಳುವವರು ಮಸೂರಕ್ಕೆ ಮುಂದಿನಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ಧೂಳು, ಒಂದೆರಡು ಗೀರು ಲೆಕ್ಕಕ್ಕಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅದನ್ನು ಬಿಟ್ಟು ಬರಬೇಕು. ಕರಾವಳಿಯಲ್ಲಿ ಹಾಗೂ ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಇದು ಒಂದೇ ಹಂಗಾಮಿನಲ್ಲಿ ಹುಟ್ಟುತ್ತದೆ. ನನ್ನ ಮೊದಲ ಇಡಿ ಡಬ್ಲೆಟ್ ಹಾಳಾದದ್ದು ಹೀಗೆಯೇ: ಜೂನ್ ತಿಂಗಳಲ್ಲಿ ಇಬ್ಬನಿ ಒರೆಸದ ಮಸೂರಕ್ಕೆ ಮುಚ್ಚಳ ಹಾಕಿ, ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ, ತೆರೆದದ್ದು ದೀಪಾವಳಿಗೆ. ಈಗಿನದನ್ನು ತೇವಾಂಶವನ್ನು 45 ಶೇಕಡಾದ ಹತ್ತಿರ ಹಿಡಿದಿಡುವ ಡ್ರೈ ಕ್ಯಾಬಿನೆಟ್‌ನಲ್ಲಿ ಇಡುತ್ತೇನೆ, ಮತ್ತು ರಾತ್ರಿ ಒಳಗೆ ತಂದ ಮೇಲೆ ಮಸೂರದ ಮಂಜು ತಾನಾಗಿ ಆರುವವರೆಗೆ ಮುಚ್ಚಳ ಹಾಕುವುದಿಲ್ಲ.